ಕರಗಿದ್ದು ಕೊಬ್ಬು ಮಾತ್ರವಲ್ಲ

ಹೊಟ್ಟೆ ತುಂಬ ಉಣ್ಣುತ್ತಾರೆ, ಗಳಿಗೆಗೊಮ್ಮೆ ಹಸಿವೆನ್ನುತ್ತಾರೆ, ಆದರೂ ದಿನದಿನಕ್ಕೆ ಸೊರಗುತ್ತಾರೆ. ಈ ಒಗಟು ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರನ್ನು ಬಹಳ ಕಾಲ ಕಾಡಿತು. 1835ರಲ್ಲಿ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್, 1840ರಲ್ಲಿ ಜರ್ಮನಿಯ ಮರ್ಸೆಬುರ್ಗ್ ಊರಿನ ಕಾರ್ಲ್ ಫಾನ್ ಬಾಸೆಡೋ ಈ ಕಾಯಿಲೆಯನ್ನು ವಿವರಿಸಿ ಬರೆದರು: ಊದಿದ ಗಂಟಲು, ಡವಗುಟ್ಟುವ ಎದೆ, ಹೊರಚಾಚಿದ ಕಣ್ಣು. ಇಷ್ಟಕ್ಕೂ ಮೂಲ ಕತ್ತಿನ ಥೈರಾಯ್ಡ್ ಗ್ರಂಥಿಯ ಅತಿ ದುಡಿಮೆ ಎಂಬುದು ಆಗ ಗೊತ್ತಿರಲಿಲ್ಲ. ಕೆಲವರು ಹೃದಯವನ್ನು ದೂರಿದರು, ಕೆಲವರು ನರಗಳನ್ನು.

ಸುಳಿವು ಸಿಕ್ಕಿದ್ದು ಇದಕ್ಕೆ ತದ್ವಿರುದ್ಧವಾದ ಕಾಯಿಲೆಯಿಂದ. ಥೈರಾಯ್ಡ್ ಸೋತವರ ಮೈ ಊದುತ್ತದೆ, ಮಾತು ನಡಿಗೆ ಎರಡೂ ನಿಧಾನವಾಗುತ್ತವೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ತರುಣ ವೈದ್ಯ ಕುರಿಯ ಥೈರಾಯ್ಡಿನ ಸಾರವನ್ನು ಇಂಥ ಒಬ್ಬ ಮಹಿಳೆಗೆ ಚುಚ್ಚಿದ. ಊತ ಇಳಿಯಿತು, ಚಟುವಟಿಕೆ ಮರಳಿತು. ಆಕೆ ಮುಂದೆ 28 ವರ್ಷ ಬದುಕಿದಳು.

ಈ ಗೆಲುವಿನ ಬೆನ್ನಿಗೇ ಒಂದು ಆಸೆ ಹುಟ್ಟಿತು. ಊದಿದವರನ್ನು ಇಳಿಸುವ ಸಾರ ದಪ್ಪಗಿರುವ ಆರೋಗ್ಯವಂತರನ್ನೂ ಇಳಿಸಬೇಕಲ್ಲವೇ? ಆ ದಶಕ ಮುಗಿಯುವ ಮೊದಲೇ ಥೈರಾಯ್ಡ್ ಮಾತ್ರೆ ಬೊಜ್ಜಿನ ಔಷಧವಾಗಿಬಿಟ್ಟಿತ್ತು. ತೂಕ ಇಳಿದದ್ದೂ ನಿಜ. ಆದರೆ ಇಳಿದದ್ದು ಯಾವುದರ ತೂಕ?

ಅದಕ್ಕೆ ಉತ್ತರವೂ ಅದೇ ದಶಕದಲ್ಲಿ ಸಿಕ್ಕಿತ್ತು. ಜರ್ಮನಿಯ ಫ್ರೀಡ್ರಿಖ್ ಮ್ಯೂಲರ್ 1893ರಲ್ಲಿ ತೋರಿಸಿದಂತೆ, ಇಂಥ ರೋಗಿಗಳು ಚೆನ್ನಾಗಿ ಉಂಡರೂ ಅವರ ದೇಹ ಊಟದಲ್ಲಿ ಬಂದದ್ದಕ್ಕಿಂತ ಹೆಚ್ಚು ಸಾರಜನಕವನ್ನು ಹೊರಹಾಕುತ್ತಿತ್ತು. ಸಾರಜನಕ ಬರುವುದು ಪ್ರೋಟೀನಿನಿಂದ. ಎಂದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತಿತ್ತು. 1895ರಲ್ಲಿ ಬರ್ಲಿನ್ನಿನ ಅಡಾಲ್ಫ್ ಮ್ಯಾಗ್ನಸ್ ಲೆವಿ ರೋಗಿಗಳ ಉಸಿರನ್ನೇ ಅಳೆದ. ಸುಮ್ಮನೆ ಮಲಗಿದ್ದಾಗಲೂ ಅವರು ಉಳಿದವರಿಗಿಂತ ಹೆಚ್ಚು ಆಮ್ಲಜನಕ ಬಳಸುತ್ತಿದ್ದರು. ಅದಕ್ಕೂ ಮೊದಲು, 1891ರಲ್ಲಿ, ಈ ಕಾಯಿಲೆಯಿಂದ ತೀರಿಕೊಂಡ ತರುಣಿಯೊಬ್ಬಳ ಮೂಳೆಗಳು ಹುಳು ತಿಂದಂತೆ ಇದ್ದುದನ್ನು ಫಾನ್ ರೆಕ್ಲಿಂಗ್‌ಹೌಸೆನ್ ದಾಖಲಿಸಿದ್ದ.

ಅತಿಯಾದ ಥೈರಾಯ್ಡ್ ಹಾರ್ಮೋನು ದೇಹದ ಒಲೆಯನ್ನು ಆರಲು ಬಿಡುವುದಿಲ್ಲ. ಸೌದೆಯ ಜೊತೆಗೆ ಮನೆಯ ತೊಲೆಯೂ ಉರಿಯುತ್ತದೆ. ಮೈಯೆಲ್ಲ ಸೆಕೆ, ಬೆವರು, ಕೈನಡುಕ, ಮೆಟ್ಟಿಲು ಹತ್ತಲಾಗದ ತೊಡೆ, ಲಯ ತಪ್ಪುವ ಹೃದಯ. ಹಸಿವೂ ಹೆಚ್ಚುವುದರಿಂದ ಕೆಲವರ ತೂಕ ಇಳಿಯುವ ಬದಲು ಏರುವುದೂ ಉಂಟು.

ಇಷ್ಟು ತಿಳಿದಿದ್ದರೂ ಮಾತ್ರೆಯ ಮೋಹ ಬಿಡಲಿಲ್ಲ. ಇಪ್ಪತ್ತನೆಯ ಶತಮಾನದ ನಡುವೆ ಅಮೆರಿಕದಲ್ಲಿ ‘ಕಾಮನಬಿಲ್ಲಿನ ಮಾತ್ರೆ’ಗಳು ಬಂದವು. ಬಣ್ಣಬಣ್ಣದ ಆ ಗುಳಿಗೆಗಳಲ್ಲಿ ಥೈರಾಯ್ಡ್ ಹಾರ್ಮೋನಿನ ಜೊತೆ ಆಂಫೆಟಮಿನ್, ಮೂತ್ರ ಹೆಚ್ಚಿಸುವ ಔಷಧ, ಹೃದಯದ ಔಷಧವೂ ಇರುತ್ತಿದ್ದವು. ಸಾವುಗಳಾದ ಮೇಲೆ 1968ರಲ್ಲಿ ಅಲ್ಲಿನ ಸೆನೆಟ್ ವಿಚಾರಣೆ ನಡೆಸಿತು. ತೂಕ ಇಳಿಸಲು ಬಳಸಕೂಡದೆಂಬ ಎಚ್ಚರಿಕೆ ಇಂದು ಅಲ್ಲಿನ ಥೈರಾಯ್ಡ್ ಔಷಧಗಳ ಮೇಲೆಯೇ ಇರುತ್ತದೆ.

ಮಾತ್ರೆ ನುಂಗದವರೂ ಒಮ್ಮೆ ಸಿಕ್ಕಿಬಿದ್ದರು. 1984–85ರಲ್ಲಿ ಮಿನ್ನೆಸೋಟಾ ಮತ್ತು ಅಕ್ಕಪಕ್ಕದ ರಾಜ್ಯಗಳಲ್ಲಿ 121 ಮಂದಿಗೆ ಎದೆಬಡಿತ, ನಿದ್ದೆಗೇಡು, ತೂಕನಷ್ಟ ಕಾಣಿಸಿತು. ಅವರ ಗ್ರಂಥಿಗಳಲ್ಲಿ ದೋಷವಿರಲಿಲ್ಲ. ಒಂದು ಕಸಾಯಿಖಾನೆ ದನದ ಕತ್ತಿನ ಭಾಗವನ್ನು ಥೈರಾಯ್ಡ್ ಸಮೇತ ಕೊಚ್ಚಿದ ಮಾಂಸಕ್ಕೆ ಸೇರಿಸುತ್ತಿತ್ತು. ಬೇಯಿಸಿದರೂ ಹಾರ್ಮೋನು ನಾಶವಾಗಿರಲಿಲ್ಲ.

ಈಗ ಒಂದು ರಕ್ತಪರೀಕ್ಷೆ ಸಾಕು, ಕಾಯಿಲೆ ಗೊತ್ತಾಗುತ್ತದೆ, ಚಿಕಿತ್ಸೆಯೂ ಇದೆ. ಚಿಕಿತ್ಸೆ ಹಿಡಿಯುತ್ತಿದ್ದಂತೆ ಕಳೆದ ತೂಕ ಮರಳುತ್ತದೆ. ಹಲವರು ಅದಕ್ಕೆ ಹೆದರಿ ಔಷಧ ಬಿಡಲು ನೋಡುತ್ತಾರೆ. ಆದರೆ ಮರಳುವುದು ಬರೀ ಕೊಬ್ಬಲ್ಲ, ಕರಗಿಹೋಗಿದ್ದ ಮಾಂಸಖಂಡವೂ ಹೌದು. ಪ್ರಯತ್ನಪಡದೆ ಯಾರಾದರೂ ಸೊರಗುತ್ತಿದ್ದರೆ ‘ಎಷ್ಟು ಸಣ್ಣಗಾಗಿದ್ದೀರಿ’ ಎಂದು ಮೆಚ್ಚುವ ಮುನ್ನ ‘ಮೈಗೆ ಹುಷಾರಿದೆಯೇ’ ಎಂದು ಕೇಳುವುದು ಒಳ್ಳೆಯದು.