ಸ್ಪಿಟ್‌ಫೈರ್ ಎಂಜಿನ್ ಕೆಮ್ಮಿದಾಗ: ಒಂದು ವಾಷರ್‌ನ ಕಥೆ

ಹಳೇ ಬೈಕ್ ಓಡಿಸಿದವರಿಗೆ ಇದು ಗೊತ್ತಿರುತ್ತೆ. ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗುತ್ತೆ. ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗಲ್ಲ, ಪೆಟ್ರೋಲ್ ವಾಸನೆ ಬೇರೆ. "ಓವರ್‌ಫ್ಲೋ ಆಗಿದೆ ಗುರು" ಅಂತಾರೆ ಪಕ್ಕದವರು. ಇದೇ ತೊಂದರೆ ಆಕಾಶದಲ್ಲಿ, ಶತ್ರು ವಿಮಾನ ಬೆನ್ನು ಹತ್ತಿದಾಗ ಬಂದ್ರೆ? 1940ರಲ್ಲಿ ಬ್ರಿಟಿಷ್ ಪೈಲಟ್‌ಗಳು ಎದುರಿಸಿದ್ದು ಇದನ್ನೇ.

ಸ್ಪಿಟ್‌ಫೈರ್, ಹರಿಕೇನ್ ಎರಡರಲ್ಲೂ ಇದ್ದದ್ದು ರೋಲ್ಸ್ ರಾಯ್ಸ್‌ನ ಮರ್ಲಿನ್ ಎಂಜಿನ್. 12 ಸಿಲಿಂಡರ್, 27 ಲೀಟರ್. ಆದರೆ ಪೆಟ್ರೋಲ್ ಕೊಡುತ್ತಿದ್ದದ್ದು ನಮ್ಮ ಹಳೇ ಬೈಕ್‌ಗಳಲ್ಲಿ ಇರೋ ಥರದ್ದೇ, ಫ್ಲೋಟ್ ಇರುವ ಕಾರ್ಬುರೇಟರ್. ಅದೇನೂ ದಡ್ಡತನದ ಆಯ್ಕೆ ಅಲ್ಲ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಆವಿಯಾಗುವಾಗ ಗಾಳಿ ತಣ್ಣಗಾಗುತ್ತೆ, ತಣ್ಣನೆ ಗಾಳಿಯಿಂದ ಶಕ್ತಿ ಹೆಚ್ಚು ಸಿಗುತ್ತೆ ಅನ್ನೋದು ಅವರ ಲೆಕ್ಕ.

ಲೆಕ್ಕ ತಪ್ಪಿದ್ದು ಡಾಗ್‌ಫೈಟ್‌ನಲ್ಲಿ. ಪೈಲಟ್ ದಿಢೀರನೆ ವಿಮಾನದ ಮೂಗು ಕೆಳಕ್ಕೆ ತಳ್ಳಿದ ಅಂದ್ಕೊಳ್ಳಿ. ರೋಡ್ ಹಂಪ್ ಮೇಲೆ ಬಸ್ ಹಾರಿದಾಗ ಹಿಂದಿನ ಸೀಟಲ್ಲಿ ಕೂತ ನಾವು ಮೇಲಕ್ಕೆ ಎಗರ್ತೀವಲ್ಲ, ಹಾಗೆ ಕಾರ್ಬುರೇಟರ್ ಒಳಗಿನ ಪೆಟ್ರೋಲ್ ಕೂಡ ಮೇಲಕ್ಕೆ ಹೋಗುತ್ತೆ. ಕೆಳಗಿರುವ ಜೆಟ್‌ಗೆ ಪೆಟ್ರೋಲ್ ಸಿಗದೆ ಎಂಜಿನ್ ಒಮ್ಮೆ ಕೆಮ್ಮುತ್ತೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಆದರೆ ಫ್ಲೋಟ್ ಕೆಳಗೆ ಇಳಿದು ವಾಲ್ವ್ ಪೂರ್ತಿ ತೆರೆದುಬಿಡುತ್ತೆ. ಪಂಪ್‌ನ ಒತ್ತಡಕ್ಕೆ ಪೆಟ್ರೋಲ್ ನುಗ್ಗುತ್ತೆ. ಕಪ್ಪು ಹೊಗೆ, ಆಮೇಲೆ ಎಂಜಿನ್ ಬಂದ್! ಮೊದಲು ಪೆಟ್ರೋಲ್ ಸಾಲದು, ಮರುಕ್ಷಣ ಅತಿಯಾಯಿತು.

ಜರ್ಮನ್ನರ ಮೆಸ್ಸರ್‌ಶ್ಮಿಟ್ 109ರಲ್ಲಿ ಫ್ಯುಯೆಲ್ ಇಂಜೆಕ್ಷನ್ ಇತ್ತು. ಮೂಗು ತಳ್ಳಿ ಆರಾಮಾಗಿ ಡೈವ್ ಹೊಡೆದು ಪಾರಾಗ್ತಿದ್ರು. ಬ್ರಿಟಿಷ್ ಪೈಲಟ್ ಬೆನ್ನಟ್ಟಬೇಕೆಂದರೆ ಮೊದಲು ವಿಮಾನವನ್ನು ತಲೆಕೆಳಗಾಗಿ ಉರುಳಿಸಿ, ಆಮೇಲೆ ಸ್ಟಿಕ್ ಎಳೆದು ಡೈವ್ ಹೊಡೆಯಬೇಕಿತ್ತು. ಆಗ ಪೆಟ್ರೋಲ್ ಫ್ಲೋಟ್ ಚೇಂಬರ್‌ನ ತಳದಲ್ಲೇ ಇರುತ್ತೆ. ಅಷ್ಟರಲ್ಲಿ ಶತ್ರು ಕೈತಪ್ಪಿರುತ್ತಿದ್ದ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಪೈಲಟ್‌ಗಳು 'ಸ್ಟಾಲ್' ಅಂದ್ರೆ ಸಾಮಾನ್ಯವಾಗಿ ಎಂಜಿನ್ ನಿಂತಿದ್ದಲ್ಲ. ರೆಕ್ಕೆ ಗಾಳಿಗೆ ಒಡ್ಡುವ ಕೋನ ಮಿತಿಮೀರಿ, ಎತ್ತಿ ಹಿಡಿಯುವ ಬಲ ಕುಸಿಯೋದು. ಎಂಜಿನ್ ನಿಂತಾಗ ಆ ಸ್ಟಾಲ್ ಆಗದಂತೆ ಮೂಗು ಮೆಲ್ಲಗೆ ತಗ್ಗಿಸಿ ವೇಗ ಉಳಿಸಿಕೊಳ್ಳಬೇಕು. ಕಾರಿನಲ್ಲಾದ್ರೆ ಸೈಡಿಗೆ ನಿಲ್ಲಿಸಬಹುದು, ಮೇಲೆ ಸೈಡ್ ಎಲ್ಲಿದೆ?

ಪರಿಹಾರ ಕೊಟ್ಟವರು ಬಿಯಾಟ್ರಿಸ್ ಶಿಲ್ಲಿಂಗ್. ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನ ಎಂಜಿನಿಯರ್. ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ನಾರ್ಟನ್ ಬೈಕ್ ಮೇಲೆ ಗಂಟೆಗೆ 100 ಮೈಲಿ ದಾಟಿ ಗೋಲ್ಡ್ ಸ್ಟಾರ್ ಗೆದ್ದಿದ್ದವರು. ಅವರು ಮಾಡಿದ್ದು ಒಂದು ಪುಟ್ಟ ಲೋಹದ ತುಂಡು. ನಡುವೆ ರಂಧ್ರ, ಎಂಜಿನ್ ಪೂರ್ತಿ ಶಕ್ತಿಯಲ್ಲಿ ಓಡುವಾಗ ಬೇಕಾದಷ್ಟೇ ಪೆಟ್ರೋಲ್ ಬಿಡುವ ಅಳತೆಯದ್ದು. ಪೆಟ್ರೋಲ್ ಲೈನ್‌ಗೆ ಹಾಕಿದರೆ ಸಾಕು, ಪ್ರವಾಹ ನುಗ್ಗಲ್ಲ. ಎಂಜಿನ್ ಬಿಚ್ಚಿ ಇಳಿಸಬೇಕಾಗೂ ಇಲ್ಲ. ಮೊದಲ ಕೆಮ್ಮು ಹೋಗಲಿಲ್ಲ, ಆದರೆ ಎಂಜಿನ್ ಪೂರ್ತಿ ಬಂದ್ ಆಗೋದು ತಪ್ಪಿತು. ಸಣ್ಣ ತಂಡ ಕಟ್ಟಿಕೊಂಡು ಏರ್‌ಫೀಲ್ಡ್‌ಗಳನ್ನು ಸುತ್ತಿ ತಾವೇ ಹಾಕಿಸಿದರು.

ಈ ವಾಷರ್ ಬ್ಯಾಟಲ್ ಆಫ್ ಬ್ರಿಟನ್ ಗೆಲ್ಲಿಸಿತು ಅಂತ ರೀಲ್ಸ್‌ನಲ್ಲಿ ಕಂಡರೆ ನಂಬಬೇಡಿ. ಆ ಯುದ್ಧ ಮುಗಿದದ್ದು 1940ರ ಅಕ್ಟೋಬರ್‌ಗೆ, ಇದು ವಿಮಾನಗಳಿಗೆ ಬಂದದ್ದು 1941ರ ಮಾರ್ಚ್ ಹೊತ್ತಿಗೆ. ಆ ಬೇಸಿಗೆಯಲ್ಲಿ ಪೈಲಟ್‌ಗಳು ಹೋರಾಡಿದ್ದು ಕೆಮ್ಮುವ ಎಂಜಿನ್ ಇಟ್ಟುಕೊಂಡೇ.

ಹಳೇ ಕಾರ್ಬುರೇಟರ್ ಕಾರು ಹೀಗೆ ಓವರ್‌ಫ್ಲೋ ಆದರೆ ಆಕ್ಸಿಲರೇಟರ್ ಪದೇ ಪದೇ ಒತ್ತಬೇಡಿ, ಇನ್ನಷ್ಟು ಪೆಟ್ರೋಲ್ ಸುರಿಯುತ್ತೆ. ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಗಾಳಿ ಹೆಚ್ಚು ಹೋಗಿ ಒಳಗೆ ಒಣಗುತ್ತೆ.

ಆ ತುಂಡಿಗೆ ಪೈಲಟ್‌ಗಳು ಇಟ್ಟ ಹೆಸರು 'ಮಿಸ್ ಶಿಲ್ಲಿಂಗ್ಸ್ ಆರಿಫಿಸ್', ಅಂದರೆ ಮಿಸ್ ಶಿಲ್ಲಿಂಗ್ ತೂತು. ಪೋಲಿ ತಮಾಷೆ. ಅಷ್ಟೊತ್ತಿಗೆ ಅವರು ಮಿಸ್ ಕೂಡ ಆಗಿರಲಿಲ್ಲ, 1938ರಲ್ಲೇ ಮದುವೆಯಾಗಿತ್ತು.