ಮಂಚಾಲೆ: ಮಂತ್ರಾಲಯದ ಒಳಗಿರುವ ಊರು



ಗಡಿಯೂರುಗಳ ಪರಿಚಯ ಬರೆಯುವಾಗ ನಂದವರಂನಿಂದಲೇ ಶುರು ಮಾಡಿ ಎಂದು ಸಿರುಗುಪ್ಪ, ರಾಯಚೂರು ಕಡೆಯ ಸದಸ್ಯರು ಹೇಳಿದ್ದರು. ಅದಕ್ಕೆ ಮೊದಲು ಒಂದು ಮಾತು. ನಂದವರಂ ಎಂದ ಕೂಡಲೇ ಹಲವರು ಚೌಡೇಶ್ವರಿ ದೇವಿಯ ಗುಡಿ ಎಲ್ಲಿದೆ ಎಂದು ಕೇಳುತ್ತಾರೆ. ಆ ನಂದವರಂ ಬನಗಾನಪಲ್ಲೆ ಹತ್ತಿರದ್ದು, 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದೆ. ನಮ್ಮದು ಎಮ್ಮಿಗನೂರು ಪಕ್ಕದ ನಂದವರಂ, ಕರ್ನೂಲು ಜಿಲ್ಲೆಯ ಮಂಡಲ ಕೇಂದ್ರ. ಇಲ್ಲಿಂದ ತುಂಗಭದ್ರೆಯ ದಂಡೆ ಹಿಡಿದು ಮೇಲಕ್ಕೆ ಹೋದರೆ ಮಂತ್ರಾಲಯ. ಶ್ರಾವಣದಲ್ಲಿ ರಾಯರ ಆರಾಧನೆಗೆ ನಮ್ಮ ಸದಸ್ಯರಲ್ಲಿ ಬಹಳ ಜನ ಅಲ್ಲಿಗೆ ಹೋಗುವವರು. ಆದ್ದರಿಂದ ನಮ್ಮೂರನ್ನು ಆಮೇಲೆ ನೋಡೋಣ ಎಂದು ಬಿಟ್ಟು, ಈ ಸಲ ಮಂತ್ರಾಲಯದ ವಿಷಯ ಎತ್ತಿಕೊಂಡಿದ್ದೇವೆ. ಮಠದ ವಿಷಯ ಬರೆದವರು ಸಾಕಷ್ಟು ಇದ್ದಾರೆ. ನಾವು ಬರೆಯುವುದು ಮಠದ ಬೆನ್ನಿಗಿರುವ ಹಳ್ಳಿಯ ವಿಷಯ.

ಆ ಹಳ್ಳಿಯ ಹೆಸರು ಮಂಚಾಲೆ. ಗ್ರಾಮದೇವತೆ ಮಂಚಾಲಮ್ಮ. ಮೊದಲು ಮಂಚಾಲಮ್ಮನ ದರ್ಶನ, ಆಮೇಲೆ ರಾಯರ ಬೃಂದಾವನ ಎಂಬುದು ಇಂದಿಗೂ ನಡೆದುಬಂದಿರುವ ಕ್ರಮ. ರಾಯರು ಇಲ್ಲಿ ನೆಲೆಸಲು ಅಮ್ಮನ ಅಪ್ಪಣೆ ಪಡೆದರು ಎಂದು ಮಠದವರೂ ಹೇಳುತ್ತಾರೆ. ಅಂದರೆ ಊರು ಮೊದಲಿನದು, ಮಠ ಆಮೇಲಿನದು. ಬಸ್ಸಿಳಿದು ಸೀದಾ ಸಾಲಿಗೆ ನಿಲ್ಲುವವರಿಗೆ ಇದು ತಿಳಿಯುವುದಿಲ್ಲ.

ಆದವಾನಿ ಆಗ ಬಿಜಾಪುರದ ಆದಿಲಶಾಹಿಗೆ ಸೇರಿತ್ತು. ಅಲ್ಲಿನ ಅಧಿಕಾರಿ ಸಿದ್ದಿ ಮಸೂದ್ ಖಾನ್. ಆದವಾನಿಯ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನೂ ಅವನೇ ಎನ್ನುತ್ತಾರೆ. ಅವನ ದಿವಾನ ವೆಂಕಣ್ಣ. ಓದುಬರಹ ಬಾರದ ದನಗಾಹಿ ಹುಡುಗ ರಾಯರ ಅನುಗ್ರಹದಿಂದ ಪತ್ರ ಓದಿ ದಿವಾನನಾದ ಕಥೆ ನಿಮಗೆಲ್ಲ ಗೊತ್ತು. ತಟ್ಟೆಯಲ್ಲಿ ಮುಚ್ಚಿ ತಂದ ಮಾಂಸ ಹೂವಾದ ಕಥೆಯೂ ಗೊತ್ತು. ಖಾನ ಫಲವತ್ತಾದ ಬೇರೆ ಊರು ಕೊಡುತ್ತೇನೆಂದರೂ ರಾಯರು ಬರಡು ಮಂಚಾಲೆಯನ್ನೇ ಕೇಳಿದರು, ಪ್ರಹ್ಲಾದನು ಯಜ್ಞ ಮಾಡಿದ ನೆಲ ಇದು ಎಂದರು ಎಂಬುದು ಪ್ರತೀತಿ. ಬೃಂದಾವನದ ಶಿಲೆ ಹತ್ತಿರದ ಮಾಧವರಂನಿಂದ ಬಂತು ಎನ್ನುತ್ತಾರೆ. ರಾಯರು ಬೃಂದಾವನ ಪ್ರವೇಶಿಸಿದ್ದು 1671ರ ಶ್ರಾವಣ ಬಹುಳ ಬಿದಿಗೆಯಂದು. ಕಥೆಗಳನ್ನು ಅವರವರ ಭಕ್ತಿಗೆ ಬಿಡೋಣ. ಒಬ್ಬ ಮುಸ್ಲಿಂ ಅಧಿಕಾರಿ ಕೊಟ್ಟ ಭೂಮಿಯಲ್ಲಿ ಮಾಧ್ವ ಮಠ ನಿಂತಿದೆ ಎಂಬ ಮಾತಿಗೆ ಮಾತ್ರ ಯಾರ ತಕರಾರೂ ಇಲ್ಲ.

ಆಮೇಲೆ ಈ ಸೀಮೆ ಕೈಯಿಂದ ಕೈಗೆ ಹೋಯಿತು. 1688ರಲ್ಲಿ ಆದವಾನಿ ಮೊಗಲರ ಪಾಲಾಯಿತು, ಬಳಿಕ ನಿಜಾಮರ ಮನೆತನಕ್ಕೆ ಬಂತು, 1786ರಲ್ಲಿ ಟಿಪ್ಪು ಹಿಡಿದ. 1800ರಲ್ಲಿ ನಿಜಾಮರು ಈ ಪ್ರಾಂತವನ್ನು ಕಂಪನಿಗೆ ಬಿಟ್ಟುಕೊಟ್ಟರು. ಆ ದತ್ತ ಮಂಡಲಗಳಿಗೆ ಕಲೆಕ್ಟರಾಗಿ ಬಂದವರು ಥಾಮಸ್ ಮನ್ರೋ. ಮಂಚಾಲೆಯ ಇನಾಮು ಜಪ್ತಿ ಮಾಡುವ ಪ್ರಸಂಗ ಬಂದಾಗ ಮನ್ರೋ ಬೂಟು, ಟೋಪಿ ತೆಗೆದಿಟ್ಟು ಬೃಂದಾವನದ ಎದುರು ನಿಂತರು, ರಾಯರೊಡನೆ ಮಾತಾಡಿದರು, ಜೊತೆಗಿದ್ದವರಿಗೆ ರಾಯರ ದನಿ ಕೇಳಿಸಲಿಲ್ಲ ಎಂಬ ಕಥೆ ಬಳ್ಳಾರಿ ಜಿಲ್ಲೆಯ ಇಂಗ್ಲಿಷ್ ಗೆಜೆಟಿಯರಿಗೂ ಏರಿದೆ. ಭಾಷಣಗಳಲ್ಲಿ 'ಗವರ್ನರ್ ಮನ್ರೋ' ಎಂದು ಹೇಳುವವರನ್ನು ಕೇಳಿದ್ದೇವೆ. ಮನ್ರೋ ಇಲ್ಲಿ ಕಲೆಕ್ಟರಾಗಿದ್ದದ್ದು 1800ರಿಂದ 1807ರವರೆಗೆ, ಮದ್ರಾಸಿನ ಗವರ್ನರಾದದ್ದು 1820ರಲ್ಲಿ. ಗುಮಾಸ್ತಿಕೆ ಮಾಡಿದವರ ಕಣ್ಣು, ಇಂಥ ಕಡೆ ನಿಲ್ಲುತ್ತದೆ! 1827ರಲ್ಲಿ ಅವರು ಕಾಲರಾದಿಂದ ತೀರಿಕೊಂಡದ್ದೂ ನಮ್ಮ ಜಿಲ್ಲೆಯ ಪತ್ತಿಕೊಂಡದಲ್ಲೇ.

ಕಂಪನಿ ಕಾಲದಿಂದ 1953ರವರೆಗೆ ಮಂಚಾಲೆ ಬಳ್ಳಾರಿ ಜಿಲ್ಲೆ, ಆದವಾನಿ ತಾಲೂಕು. ಹೊಳೆಯಾಚೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನ. ಈಚೆ ಒಂದು ಸರ್ಕಾರ, ಆಚೆ ಒಂದು ಸರ್ಕಾರ, ನಡುವೆ ಹೊಳೆ. ಎರಡು ದಂಡೆಯ ಮಾತು ಮಾತ್ರ ಒಂದೇ. ರಾಯರ ಸ್ತೋತ್ರ ರಚಿಸಿದ ಅಪ್ಪಣ್ಣಾಚಾರ್ಯರ ಬಿಚ್ಚಾಲೆ ಆಚೆ ದಂಡೆಯದು. ರಾಯರು ತಪಸ್ಸು ಮಾಡಿದರೆನ್ನುವ ಗಾಣಧಾಳದ ಪಂಚಮುಖಿಯೂ ಆಚೆಯದೇ. ಸೇತುವೆ ಇಲ್ಲದ ಕಾಲದಲ್ಲಿ ದಾಟಿಸುತ್ತಿದ್ದವರು ಹರಿಗೋಲಿನವರು. ಹರಿಗೋಲು ಎಂದರೂ ಹತ್ತುತ್ತಿದ್ದರು, ಪುಟ್ಟಿ ಎಂದರೂ ಹತ್ತುತ್ತಿದ್ದರು. ಹೆಣ್ಣು ಕೊಡುವುದು ತರುವುದು, ಎತ್ತು ಮಾರುವುದು, ಸಾಲ ವಸೂಲಿ ಎಲ್ಲವೂ ಹೊಳೆ ದಾಟಿಯೇ ನಡೆಯುತ್ತಿತ್ತು. ರೈಲು ಬಂದ ಮೇಲೆ ದೂರದ ಯಾತ್ರಿಕರು ಹೆಚ್ಚಿದರು. ಮದ್ರಾಸಿನ ಕಡೆಯ ಹಳಿ, ಮುಂಬಯಿ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಇಂದಿನ ಮಂತ್ರಾಲಯಂ ರೋಡ್ ನಿಲ್ದಾಣ ಆ ದಾರಿಯಲ್ಲೇ ಇದೆ, ಊರಿಗೆ ಸುಮಾರು 15 ಕಿ.ಮೀ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಉಳಿದವು ಮೈಸೂರಿಗೆ. ಬಳ್ಳಾರಿ ತಾಲೂಕಿನ ತೀರ್ಮಾನವಂತೂ ನ್ಯಾಯಮೂರ್ತಿ ಮಿಶ್ರಾ ಅವರ ವರದಿಯಾದ ಮೇಲೆಯೇ ಆದದ್ದು. ಆದವಾನಿ, ಆಲೂರು ಕರ್ನೂಲು ಜಿಲ್ಲೆಗೆ ಸೇರಿದವು. ಮೂರು ವರ್ಷದ ನಂತರ, 1956ರ ನವೆಂಬರ್ 1ರಂದು, ಆಚೆ ದಂಡೆಯ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಮಂಚಾಲೆಯ ಪಾಲಿಗೆ ಹೊಳೆ ಮತ್ತೆ ಗಡಿಯಾಗಿಯೇ ಉಳಿಯಿತು, ಆಚೀಚೆಯ ಸರ್ಕಾರಗಳ ಹೆಸರು ಬದಲಾದವು, ಅಷ್ಟೆ.

ಊರಿನ ಬದುಕಿನ ಲೆಕ್ಕವೇ ಬೇರೆ. ಮಠದಲ್ಲಿ ಪಂಚಾಂಗ ಹೇಗೋ, ಹೊಲದವರಿಗೆ ಕಾರ ಹುಣ್ಣಿಮೆ, ಎಳ್ಳಮಾವಾಸ್ಯೆ ಹಾಗೆ. ಕಾರ ಹುಣ್ಣಿಮೆಯನ್ನು ತೆಲುಗು ಮನೆಯವರು ಏರುವಾಕ ಎನ್ನುತ್ತಾರೆ. ಎತ್ತಿಗೆ ಬಣ್ಣ ಹಚ್ಚುವುದರಲ್ಲಿ ಭೇದವಿಲ್ಲ. ಮೊಹರಂನಲ್ಲಿ ಪೀರಲ ದೇವರ ಮುಂದೆ ಕೆಂಡದ ಗುಂಡಿಯ ಸುತ್ತ ಕುಣಿಯುವವರಲ್ಲಿ ಎಲ್ಲ ಜಾತಿಯವರೂ ಇರುವುದು ನಮ್ಮ ಸೀಮೆಯ ಹಳ್ಳಿಗಳ ವಾಡಿಕೆ. ಬೆಳಿಗ್ಗೆ ಬಳ್ಳಾರಿಯವರು ಒಗ್ಗರಣೆ ಮಿರ್ಚಿ ಎಂದು ಕೇಳುವುದನ್ನೇ ಇಲ್ಲಿ ಉಗ್ಗಾನಿ ಬಜ್ಜಿ ಎಂದು ಕಟ್ಟಿಕೊಡುತ್ತಾರೆ. ಅಂಗಡಿಯವನು ನಿಮ್ಮ ಬಾಯಿ ನೋಡಿ ಕನ್ನಡ, ತೆಲುಗು, ತಮಿಳು, ಮರಾಠಿ ಯಾವುದರಲ್ಲಾದರೂ ದರ ಹೇಳುತ್ತಾನೆ. 'ಬನ್ರಿ ಅಣ್ಣಾ, ರೂಮು ಬೇಕೇನ್ರಿ' ಎಂಬ ಕೂಗು ಕೇಳಿ ಕರ್ನಾಟಕದಲ್ಲೇ ಇದ್ದೇವೆಂದು ಭಾವಿಸುವ ಯಾತ್ರಿಕರು ಈಗಲೂ ಇದ್ದಾರೆ. 1966ರ 'ಮಂತ್ರಾಲಯ ಮಹಾತ್ಮೆ'ಯಲ್ಲಿ ಡಾ. ರಾಜ್‌ಕುಮಾರ್ ಅವರನ್ನು ರಾಯರಾಗಿ ನೋಡಿದ ತಲೆಮಾರಿಗೆ ಮಂತ್ರಾಲಯ ಬೇರೆ ರಾಜ್ಯದಲ್ಲಿದೆ ಎಂದರೆ ನಂಬುವುದೇ ಕಷ್ಟ. ಅಂಗಡಿಬೀದಿ ಬಿಟ್ಟು ಒಳಕೇರಿಗೆ ಹೋದರೆ ಮಾತು ಬದಲಾಗುತ್ತದೆ. ಅಜ್ಜಿ ಕನ್ನಡದಲ್ಲಿ ಕೇಳುತ್ತಾಳೆ, ಮೊಮ್ಮಗ ತೆಲುಗಿನಲ್ಲಿ ಉತ್ತರಿಸುತ್ತಾನೆ. ಇಬ್ಬರಿಗೂ ಅರ್ಥವಾಗುತ್ತದೆ. ಆದರೆ ಮೊಮ್ಮಗನಿಗೆ ಕನ್ನಡ ಅಕ್ಷರ ಬಾರದು. ಆಂಧ್ರದಲ್ಲಿ ಹತ್ತನೇ ತರಗತಿ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಬರೆಯುವ ಅವಕಾಶವಿದೆ. ಬರೆಸುವ ಮನಸ್ಸು ತಂದೆತಾಯಿಗೆ ಇರಬೇಕು.

ಅಕ್ಷರದ ಮಾತು ಬಂತು, ಒಂದು ವಿಷಯ ಹೇಳಿಯೇ ಬಿಡುತ್ತೇವೆ. 1984ರಲ್ಲಿ ಆಂಧ್ರ ಸರ್ಕಾರ ಕರಣಂ, ಮುನಸಬು ಹುದ್ದೆಗಳನ್ನು ರದ್ದು ಮಾಡಿತು. ಸರ್ಕಾರಿ ಲೆಕ್ಕಪತ್ರ ಕಚೇರಿಗೆ ಹೋಯಿತು, ಮನೆಯ ಸ್ವಂತ ಕಾಗದ ಮನೆಯಲ್ಲೇ ಉಳಿಯಿತು. ನಾವು ನೌಕರಿಯಲ್ಲಿದ್ದಾಗ ಹೊಳೆದಂಡೆಯ ಒಂದು ಮನೆಯಲ್ಲಿ ಅಂಥ ಗಂಟೊಂದನ್ನು ನೋಡಿದ್ದೆವು. ಕ್ರಯಪತ್ರ, ಪಾಲುಪಟ್ಟಿ, ಮದುವೆಯ ಖರ್ಚಿನ ಪಟ್ಟಿ, ಹರಿಗೋಲಿನವರಿಗೆ ಕೊಟ್ಟ ಜೋಳದ ಲೆಕ್ಕ. ಎಲ್ಲ ಕನ್ನಡದಲ್ಲಿ. ಕ್ರಯಪತ್ರಗಳ ಮೇಲೆ 'ಬಳ್ಳಾರಿ ಜಿಲ್ಲೆ, ಆದವಾನಿ ತಾಲೂಕು' ಎಂದಿತ್ತು. ಮನೆಯ ಯಜಮಾನರು, 'ತಗೊಂಡು ಹೋಗ್ರಿ ಸಾರ್, ನಕಲು ಮಾಡ್ಕೊಂಡು ಕೊಡ್ರಿ' ಎಂದರು. ನಿವೃತ್ತಿಯಾದ ಮೇಲೆ ಸಾವಕಾಶವಾಗಿ ಮಾಡೋಣ ಎಂದು ನಾವೇ ಬಿಟ್ಟುಬಂದೆವು.

2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕದಲ್ಲೂ ನಮ್ಮ ಸೀಮೆಯಲ್ಲೂ ಮಳೆ ಹಿಡಿಯಿತು. ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಮಂತ್ರಾಲಯಕ್ಕೆ ನುಗ್ಗಿದಳು. ಮಠ ಮುಳುಗಿತು, ಯಾತ್ರಿಕರು ಮಾಳಿಗೆ ಹತ್ತಿ ಕುಳಿತರು. ನಮ್ಮ ಮಂಡಲದ ನಾಗಲದಿನ್ನೆಯೂ ಮುಳುಗಿತು, ಕೆಳಗೆ ಕರ್ನೂಲು ಪಟ್ಟಣವೂ ಮುಳುಗಿತು. ಟಿವಿಯಲ್ಲಿ ಮಠವನ್ನು ತೋರಿಸಿದರು. ಒಳಕೇರಿಯನ್ನು ತೋರಿಸಿದ್ದು ಕಡಿಮೆ. ನೀರಿಳಿದ ಮೇಲೆ ನಾವು ಆ ಮನೆಗೆ ಹೋದೆವು. ಗೋಡೆ ಕುಸಿದಿತ್ತು. ಗಂಟು ಅಂಗಳದ ಕೆಸರಿನಲ್ಲಿತ್ತು, ಬಿಚ್ಚಲು ಹೋದರೆ ಹಿಟ್ಟಿನಂತೆ ಕೈಗೆ ಹತ್ತಿತು. ಯಜಮಾನರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. 'ಕಾಳಿನ ಗುಮ್ಮಿ ಹೋಯ್ತು, ಕಾಗದ ಯಾವ ಲೆಕ್ಕ ಬಿಡ್ರಿ' ಎಂದು ಚಹಾ ತರಿಸಿದರು.

ಈ ಸಲ ಆರಾಧನೆಗೆ ಹೋಗುವ ಸದಸ್ಯರು ಮಂಚಾಲಮ್ಮನಿಗೆ ಕೈಮುಗಿದ ಮೇಲೆ ಅರ್ಧ ತಾಸು ಊರೊಳಗೆ ನಡೆದು ಬನ್ನಿ, ಹಿರಿಯರೊಡನೆ ಕನ್ನಡದಲ್ಲಿ ಮಾತಾಡಿಸಿ. ಆದವಾನಿ, ಎಮ್ಮಿಗನೂರು, ಕೌತಾಳಂ, ಕೋಸಿಗಿ, ಹೊಳಗುಂದಿ ಕಡೆ ಯಾರ ಮನೆಯಲ್ಲಾದರೂ 1953ಕ್ಕೆ ಹಿಂದಿನ ಕನ್ನಡ ಕಾಗದಪತ್ರ ಇದ್ದರೆ ಸಂಘದ ಸಭೆಗೆ ತನ್ನಿ. ಹರಿದಿದ್ದರೂ ಸರಿ, ಹುಳ ತಿಂದಿದ್ದರೂ ಸರಿ. ನಿಮ್ಮ ಎದುರಿನಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದು, ಮೂಲವನ್ನು ಅಲ್ಲೇ ನಿಮ್ಮ ಕೈಗೆ ಕೊಡುತ್ತೇವೆ. ಬರಲಾಗದವರು ತಿಳಿಸಿದರೆ ನಾವೇ ಮನೆಗೆ ಬರುತ್ತೇವೆ, ಮಳೆಗಾಲಕ್ಕೆ ಮುಂಚೆಯೇ ಬರುತ್ತೇವೆ.

— ಕಾರ್ಯದರ್ಶಿ