ಜಾಲತಾಣದ ಕೊಂಡಿ: ಕ್ಲಿಕ್ಕಿಸುವ ಮುನ್ನ ವಿಳಾಸ ಓದಿ

ಜಾಲತಾಣದ ಪುಟಗಳಲ್ಲಿ ನೀಲಿ ಬಣ್ಣದಲ್ಲೋ ಅಡಿಗೆರೆಯೊಂದಿಗೋ ಕಾಣುವ ಪದಗಳೇ ಕೊಂಡಿ, ಅರ್ಥಾತ್ ಲಿಂಕ್. ಕೊಂಡಿಗೆ ಎರಡು ಭಾಗಗಳಿವೆ: ಕಣ್ಣಿಗೆ ಕಾಣುವ ಪದ ಮತ್ತು ಅದರ ಹಿಂದೆ ಅಡಗಿರುವ ವಿಳಾಸ. ಇವೆರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ವಂಚಕರು ಬಳಸಿಕೊಳ್ಳುವುದು ಇದನ್ನೇ.

ಹುಟ್ಟು

ಜಿನೀವಾ ಸಮೀಪದ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ, ದಾಖಲೆಗಳನ್ನು ಪರಸ್ಪರ ಬೆಸೆಯುವ ಯೋಜನೆಯನ್ನು 1989ರಲ್ಲಿ ಮುಂದಿಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಾಂಶವನ್ನು ಸಾರ್ವಜನಿಕರಿಗೆ ಮುಕ್ತಗೊಳಿಸಿತು. ಯಾರು ಬೇಕಾದರೂ, ಯಾರ ಅನುಮತಿಯನ್ನೂ ಕೋರದೆ, ಯಾವ ಪುಟಕ್ಕಾದರೂ ಕೊಂಡಿ ಹಾಕಬಹುದು. ಆದರೆ ಆ ಪುಟ ಸ್ಥಳಾಂತರಗೊಂಡರೆ ಕೊಂಡಿಗೆ ಅದು ತಿಳಿಯದು. ಆಗ ಕಾಣಿಸುವುದೇ '404' ಎಂಬ ಸೂಚನೆ.

ಕ್ಲಿಕ್ಕಿಸಿದಾಗ ಆಗುವುದೇನು?

ಪ್ರತಿ ತಾಣವೂ ಸರ್ವರ್ ಎಂಬ ಗಣಕಯಂತ್ರದಲ್ಲಿ ನೆಲೆಸಿರುತ್ತದೆ. ಸರ್ವರ್‌ಗೆ ಅಂಕಿಗಳ ವಿಳಾಸವಿರುತ್ತದೆ. ಕೊಂಡಿಯನ್ನು ಒತ್ತಿದೊಡನೆ ಬ್ರೌಸರ್, ದೂರವಾಣಿ ಕೈಪಿಡಿಯಂತಿರುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ತಾಣದ ಹೆಸರಿಗೆ ತಕ್ಕ ಅಂಕಿಗಳನ್ನು ಹುಡುಕಿ, ಆ ಸರ್ವರ್‌ನಿಂದ ಪುಟವನ್ನು ತರಿಸಿಕೊಂಡು ತೆರೆಯ ಮೇಲೆ ಮೂಡಿಸುತ್ತದೆ.

ಬಲದಿಂದ ಎಡಕ್ಕೆ ಓದಿ

ತಾಣದ ಹೆಸರು ಮೊದಲ ಒಂಟಿ ಓರೆಗೆರೆಗೆ ಮುನ್ನವೇ ಮುಗಿಯುತ್ತದೆ. ಅದನ್ನು ಬಲದಿಂದ ಓದಬೇಕು. 'ಕರ್ನಾಟಕ.ಗವ್.ಇನ್' ಎಂಬಲ್ಲಿ 'ಇನ್' ಭಾರತವನ್ನೂ 'ಗವ್' ಸರ್ಕಾರವನ್ನೂ ಸೂಚಿಸುತ್ತವೆ. ಆದರೆ 'ಕರ್ನಾಟಕ.ಗವ್.ಇನ್.ಎಕ್ಸಾಂಪಲ್.ಕಾಮ್' ಎಂದಿದ್ದರೆ ಅದು ಸರ್ಕಾರದ ತಾಣವಲ್ಲ. ಅದರ ಒಡೆತನ 'ಎಕ್ಸಾಂಪಲ್.ಕಾಮ್' ಹೊಂದಿದವರದು. ಎಡಭಾಗದಲ್ಲಿ ಅವರು ಯಾವ ಹೆಸರನ್ನಾದರೂ ಸೇರಿಸಬಲ್ಲರು.

ಈ ಗೊಂದಲದ ಲಾಭ ಪಡೆಯುವ ನಕಲಿ ಬ್ಯಾಂಕ್ ತಾಣಗಳನ್ನು ತಡೆಯಲೆಂದೇ ಭಾರತೀಯ ರಿಸರ್ವ್ ಬ್ಯಾಂಕ್ 'ಬ್ಯಾಂಕ್.ಇನ್' ಎಂಬ ಕೊನೆಯನ್ನು ಬ್ಯಾಂಕುಗಳಿಗೆ ಮೀಸಲಿಟ್ಟು, 2025ರ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗುವಂತೆ ಸೂಚಿಸಿತು.

ಗಮನಿಸಬೇಕಾದ ಅಂಶಗಳು

* ಗಣಕಯಂತ್ರದಲ್ಲಿ ಕೊಂಡಿಯ ಮೇಲೆ ಮೌಸ್ ಇರಿಸಿದರೆ, ಮೊಬೈಲ್‌ನಲ್ಲಿ ಬೆರಳನ್ನು ಒತ್ತಿ ಹಿಡಿದರೆ, ಸಾಮಾನ್ಯವಾಗಿ ಅಸಲಿ ವಿಳಾಸ ಗೋಚರಿಸುತ್ತದೆ.

* 'ಎಚ್‌ಟಿಟಿಪಿಎಸ್' ಎಂದರೆ ಮಾಹಿತಿ ದಾರಿಯಲ್ಲಿ ಗುಪ್ತವಾಗಿರುತ್ತದೆ ಎಂದಷ್ಟೇ ಅರ್ಥ. ತಾಣದವರು ಪ್ರಾಮಾಣಿಕರೆಂಬುದಕ್ಕೆ ಅದು ಸಾಕ್ಷಿಯಲ್ಲ.

* ಸಂಕ್ಷಿಪ್ತ ಕೊಂಡಿಗಳು ಅಸಲಿ ವಿಳಾಸವನ್ನು ಮರೆಮಾಚುತ್ತವೆ. ಬ್ಯಾಂಕ್ ವ್ಯವಹಾರಕ್ಕೆ ಸಂದೇಶದಲ್ಲಿ ಬಂದ ಕೊಂಡಿಯನ್ನು ನಂಬದೆ ವಿಳಾಸವನ್ನು ಸ್ವತಃ ಬೆರಳಚ್ಚಿಸುವುದು ಕ್ಷೇಮ.

* ಹಣ ಕಳೆದುಕೊಂಡಲ್ಲಿ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದೂರು ಬೇಗ ತಲುಪಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.